ಹದಿನೇಳು ಗಡಿಯಾರ, ಒಂದೇ ಟೈಮು

ಈ ಬೀದಿಯಲ್ಲಿ ಸೊಳ್ಳೆ ಸೀನಿದರೂ ನನಗೆ ಗೊತ್ತಾಗದೆ ಇರಲ್ಲ. ಯಾರ ಮನೆ ಹಾಲು ಉಕ್ಕಿತು, ಯಾರ ಮನೆ ಗಂಡ ಮುನಿಸ್ಕೊಂಡು ಗೋಡೆ ಕಡೆ ತಿರುಗಿ ಮಲಗಿದ, ಎಲ್ಲ ಸುದ್ದಿಯೂ ನನ್ನ ಕಿವಿಗೆ ಬಂದು ಹಾಜರಿ ಹಾಕಿ ಮುಂದೆ ಹೋಗುತ್ತೆ. ಆಯ್ತು, ನಗಬೇಡಿ. ಇದರಲ್ಲಿ ಅರ್ಧ ಸುಳ್ಳು. ಯಾವ ಅರ್ಧ ಅಂತ ನೀವೇ ಪತ್ತೆ ಮಾಡಿ. ಪತ್ತೆ ಮಾಡೋದು ಹೇಗೆ ಅಂತ ಒಂದು ಹುಡುಗಿ ಇಡೀ ಊರಿಗೇ ಕಲಿಸಿದ್ದಾಳೆ. ಅವಳ ಕಥೆ ಹೇಳ್ತೀನಿ, ಕೂತ್ಕೊಳ್ಳಿ.

ಅವಳನ್ನ ಎಲ್ಲರೂ ಕಡ್ಡಿ ಅಂತಾರೆ. ಏಳನೇ ಕ್ಲಾಸು. ಎಷ್ಟು ಸಣ್ಣ ಅಂದ್ರೆ, ಅವಳಿಗೆ ಬಾಗಿಲು ತೆಗೆಯೋದೇ ಬೇಡ, ಬೀಗದ ತೂತಲ್ಲಿ ಒಳಗೆ ಬರ್ತಾಳೆ. ಅವಳಮ್ಮ ಆಸ್ಪತ್ರೆ ಲಾಂಡ್ರಿಯಲ್ಲಿ ದಿನಕ್ಕೆ ಸಾವಿರ ಹಾಸಿಗೆ ಬಟ್ಟೆ ಇಸ್ತ್ರಿ ಮಾಡ್ತಾಳೆ. ಸಾವಿರ ಅಲ್ಲ, ಇನ್ನೂರು ಅಂದ್ಕೊಳ್ಳಿ. ಅಮ್ಮನ ಅಪ್ಪ, ಅಂದ್ರೆ ಕಡ್ಡಿಯ ತಾತ, ಗಡಿಯಾರ ರಿಪೇರಿ ಮಾಡ್ತಾನೆ. ಊರಿಗೆಲ್ಲ ಅವನೊಬ್ಬನೇ. ಮನೆಯ ಮುಂದಿನ ರೂಮೇ ಅಂಗಡಿ. ಒಂದು ಮೇಜು, ಒಂದು ಚಿಮಟ, ಕಣ್ಣಿಗೆ ಸಿಕ್ಕಿಸ್ಕೊಳ್ಳೋ ಒಂದು ಭೂತಗನ್ನಡಿ, ಗೋಡೆ ತುಂಬ ಹದಿನೇಳು ಗಡಿಯಾರ. ಆ ಮನೆಯಲ್ಲಿ ಗುಟ್ಟು ಮಾತಾಡೋ ಹಾಗೇ ಇಲ್ಲ, ಟಿಕ್ ಟಿಕ್ ಮಧ್ಯೆ ಕೂಗಿ ಕೂಗಿಯೇ ಮಾತಾಡಬೇಕು.

ಒಂದು ಸೋಮವಾರ ಟೀಚರ್ ಕ್ಲಾಸಿನಲ್ಲಿ ಚೀಟಿ ಎತ್ತಿಸಿದ್ರು. ಊರಿನ ಹಳೇ ಜಾಗಗಳ ಹೆಸರು ಬರೆದಿದ್ದ ಚೀಟಿ.

"ನಿಮಗೆ ಬಂದ ಜಾಗದ ಬಗ್ಗೆ ಒಂದು ಪುಟ ಬರೀರಿ" ಅಂದ್ರು ಟೀಚರ್. "ಕಮ್ಮಿ ಅಂದ್ರೂ ಮೂರು ಕಡೆ ವಿಚಾರಿಸಿ ಬರೀಬೇಕು. ಶನಿವಾರ ಪೇಂಟರ್ ಬರ್ತಾರೆ. ನೀವು ಬರೆದದ್ದನ್ನೇ ಪುರಸಭೆಯವರು ಬೋರ್ಡ್ ಬರೆಸಿ, ಆ ಜಾಗದಲ್ಲೇ ನೆಡ್ತಾರೆ."

ಕಡ್ಡಿಗೆ ಬಂದಿದ್ದು ಗಡಿಯಾರ ಗೋಪುರ. ಊರ ಮಧ್ಯದಲ್ಲಿದೆ. ಓಡ್ತಿದ್ದಾಗ ಗಂಟೆಗೊಂದು ಸಲ ಊರಿಗೆಲ್ಲ ಕೇಳೋ ಹಾಗೆ ಢಣ್ ಅಂತಿತ್ತಂತೆ. ಇಪ್ಪತ್ತೆರಡು ವರ್ಷದಿಂದ ಅದರಲ್ಲಿ ನಾಲ್ಕು ಇಪ್ಪತ್ತೇ ಟೈಮು. ಬೆಳಿಗ್ಗೆ ನೋಡಿದ್ರೂ ನಾಲ್ಕು ಇಪ್ಪತ್ತು, ಮಧ್ಯಾಹ್ನ ನೋಡಿದ್ರೂ ನಾಲ್ಕು ಇಪ್ಪತ್ತು. ಹುಡುಗಿ ಖುಷಿಯಲ್ಲಿ ಹಾರಾಡ್ಕೊಂಡು ಮನೆಗೆ ಬಂದ್ಲು. ಗಡಿಯಾರದ ಮನೆಯವಳಿಗೆ ಗಡಿಯಾರದ್ದೇ ಚೀಟಿ!

ಸಂಜೆ ಅಮ್ಮನ ಫೋನ್ ಇಸ್ಕೊಂಡು ಹುಡುಕಿದ್ಲು. ಒಂದಲ್ಲ ಎರಡಲ್ಲ, ಐದು ಪುಟ ಸಿಕ್ಕಿದವು. ಟೀಚರ್ ಕೇಳಿದ್ದು ಮೂರು, ತನ್ನ ಹತ್ರ ಐದು ಅಂತ ಜಂಬದಲ್ಲಿ ಓದೋಕೆ ಶುರು ಮಾಡಿದ್ಲು. ಓದ್ತಾ ಓದ್ತಾ ಮುಖ ಬಿಳಿಚ್ಕೊಳ್ತು.

"ಮೂರು ಮುಖದ ಈ ಗಡಿಯಾರದ ಹಿತ್ತಾಳೆ ಚಕ್ರವನ್ನು ಊರಿನ ರಿಪೇರಿಯವನು ಕದ್ದು ಮಾರಿಕೊಂಡ. ಅದರ ಜಾಗಕ್ಕೆ ಕಳಪೆ ಚಕ್ರ ಹಾಕಿದ. ಅಂದಿನಿಂದ ಗಡಿಯಾರ ನಿಂತಿದೆ."

ಐದರಲ್ಲೂ ಅದೇ. ಊರಿಗೆ ರಿಪೇರಿಯವನು ಒಬ್ಬನೇ ಅಂತ ಆಗಲೇ ಹೇಳಿದ್ನಲ್ಲ. ತಾತ ಯಾಕೆ ಗೋಪುರದ ಬೀದಿ ಬಿಟ್ಟು ಮಾರ್ಕೆಟ್ಟಿನ ಹಿಂದಿನ ಕೊಚ್ಚೆ ದಾರಿಯಲ್ಲಿ ಸುತ್ತು ಹಾಕಿ ಬರ್ತಾನೆ ಅನ್ನೋದು ಹುಡುಗಿಗೆ ಅವತ್ತು ಗೊತ್ತಾಯ್ತು.

ಅಡುಗೆಮನೆಗೆ ಹೋಗಿ ಅಮ್ಮನ ಪಕ್ಕ ನಿಂತ್ಕೊಂಡ್ಲು.

"ಅಮ್ಮ, ಇದು ನಿಜಾನಾ?"

ಅಮ್ಮ ಫೋನ್ ನೋಡಿದ್ಲು. ತಟ್ಟೆ ತೊಳೀತಿದ್ದ ಕೈ ನಿಂತ್ಹೋಯ್ತು.

"ನಾನು ನಿನ್ನಷ್ಟೇ ಇದ್ದಾಗ ಸ್ಕೂಲಲ್ಲಿ ನನ್ನ ಬೆನ್ನ ಹಿಂದೆ 'ಟಿಕ್ ಟಿಕ್ ಕಳ್ಳಿ' ಅಂತಿದ್ರು. ಒಂದು ಸಲ ನಿನ್ನ ತಾತನ್ನ ಕೇಳಿಬಿಟ್ಟೆ, 'ಅಪ್ಪ, ನೀನು ಕೆಡಿಸಿದ್ಯಾ' ಅಂತ. 'ಹೂಂ, ನನ್ನಿಂದಲೇ ನಿಂತಿದ್ದು' ಅಂದ. ಆಮೇಲೆ ಅವನು ಮೂರು ದಿನ ಊಟ ಮುಟ್ಟಲಿಲ್ಲ. ಮತ್ತೆ ಆ ಮಾತೇ ಎತ್ತಿಲ್ಲ ನಾನು. ನೀನೂ ಎತ್ತಬೇಡ."

"ಆದ್ರೆ ಕದ್ದಿದ್ದು..."

"ಐದೈದು ಜನ ಸೇರಿ ಸುಳ್ಳು ಬರೀತಾರೇನೇ? ಬೆಂಕಿ ಇಲ್ಲದೆ ಹೊಗೆ ಆಡುತ್ತಾ? ಟೀಚರ್‌ಗೆ ಹೇಳಿ ಚೀಟಿ ಬದಲಾಯಿಸ್ಕೋ. ಅಂಚೆ ಕಚೇರಿ ಬಗ್ಗೆ ಬರಿ. ಅಂಚೆ ಕಚೇರಿಯಿಂದ ಯಾರ ಮನೆಯೂ ಹಾಳಾಗಿಲ್ಲ."

ಕಡ್ಡಿ ಹೊದ್ದು ಮಲಗಿ ಯೋಚನೆ ಮಾಡಿದ್ಲು. ಚೀಟಿ ಬದಲಾಯಿಸಿದ್ರೆ ಗೋಪುರ ಇನ್ನೊಬ್ಬರ ಪಾಲಾಗುತ್ತೆ. ಅವರೂ ಫೋನ್ ತೆಗೀತಾರೆ, ಅವರಿಗೂ ಇದೇ ಐದು ಪುಟ ಸಿಗುತ್ತೆ, ಶನಿವಾರ ಪೇಂಟರ್ ಬಂದು 'ಕದ್ದ' ಅಂತ ದಪ್ಪ ಅಕ್ಷರದಲ್ಲಿ ಬರೀತಾನೆ. ಚೀಟಿ ಇಟ್ಕೊಂಡ್ರೆ ಅದನ್ನ ತಾನೇ ಬರೀಬೇಕು. ಅತ್ತ ದರಿ ಇತ್ತ ಪುಲಿ.

ಇನ್ನು ಮಂಗಳವಾರ ಬೆಳಿಗ್ಗೆಯ ಅವಾಂತರ ಕೇಳಿ. ಗೋಡೆ ಮೇಲಿನ ಹದಿನೇಳು ಗಡಿಯಾರವೂ ಏಳು ಇಪ್ಪತ್ತೈದು ತೋರಿಸ್ತಿದ್ದವು. ಅಮ್ಮನೂ ಮಗಳೂ ಹಿಡಿಯೋ ಬಸ್ಸು ಏಳು ಐವತ್ತಕ್ಕೆ. ಆ ಮನೆಯಲ್ಲಿ ಫೋನ್ ತೆಗೆದು ಟೈಮ್ ನೋಡೋ ಹಾಗಿಲ್ಲ, ತಾತ ಬನ್ನಿನ ಥರ ಮುಖ ಊದಿಸ್ಕೋತಾನೆ. ತಾಯಿ ಮಗಳು ಆರಾಮವಾಗಿ ಟೀ ಕುಡಿದು, ಜಡೆ ಬಿಗಿದು, ಸ್ಟಾಪಿಗೆ ಹೋದ್ರೆ ಬಸ್ಸೂ ಇಲ್ಲ, ಬಸ್ಸಿನ ಹೊಗೆಯೂ ಇಲ್ಲ. ಹೋಗಿ ಆಗಲೇ ಹತ್ತು ನಿಮಿಷ ಆಗಿತ್ತು!

ಅಮ್ಮ ಲಾಂಡ್ರಿಯಲ್ಲಿ ಬೈಸ್ಕೊಂಡ್ಲು. ಕಡ್ಡಿ ಕ್ಲಾಸಿನ ಹೊರಗೆ ನಿಂತ್ಲು.

"ಹದಿನೇಳು ಗಡಿಯಾರ ನೋಡ್ಕೊಂಡು ಹೊರಟೆ ಟೀಚರ್! ಹದಿನೇಳೂ ತಪ್ಪು ಹೇಳ್ತಾವಾ?" ಅಂತ ಅಳು ಮುಖ ಮಾಡ್ಕೊಂಡು ಹೇಳಿದ್ಲು. ಕ್ಲಾಸಿಗೆ ಕ್ಲಾಸೇ ಗೊಳ್ಳಂತ ನಕ್ಕಿತು.

ಮಧ್ಯಾಹ್ನ ಕ್ಲಾಸನ್ನೆಲ್ಲ ಊರಿನ ಲೈಬ್ರರಿಗೆ ಕರ್ಕೊಂಡು ಹೋದ್ರು. ಅಲ್ಲಿ ಒಬ್ಬ ಲೈಬ್ರರಿ ಮೇಡಂ ಇದ್ದಾರೆ. ದಪ್ಪ ಕನ್ನಡಕ, ಮೆಲ್ಲಗಿನ ಮಾತು. ಅವರು ಕೆಮ್ಮಬೇಕಾದ್ರೂ ಹೊರಗೆ ಹೋಗಿ ಕೆಮ್ಮಿ ಬರ್ತಾರೆ. ಮೂಲೆಯಲ್ಲಿ ಮೂಗು ಒರೆಸ್ತಿದ್ದ ಕಡ್ಡಿಯನ್ನ ಕಂಡು ಪಕ್ಕದಲ್ಲಿ ಕೂತ್ರು. ಹುಡುಗಿ ಬೆಳಗಿನ ಬಸ್ಸಿನಿಂದ ಹಿಡಿದು ಐದು ಪುಟದವರೆಗೆ ಎಲ್ಲ ಒಂದೇ ಉಸಿರಿಗೆ ಹೇಳಿಬಿಟ್ಲು.

ಮೇಡಂ ಮೊದಲು ಬಸ್ಸಿನ ವಿಷಯಕ್ಕೇ ಬಂದ್ರು.

"ಹದಿನೇಳು ಗಡಿಯಾರಕ್ಕೂ ಟೈಮ್ ಇಡೋರು ಯಾರು ಮರಿ?"

"ತಾತ. ಪ್ರತಿ ಸೋಮವಾರ ಸಂಜೆ."

"ಏನು ನೋಡ್ಕೊಂಡು ಇಡ್ತಾರೆ?"

"ನಡುಗೋಡೆಯಲ್ಲಿ ದೊಡ್ಡ ಗಡಿಯಾರ ಇದೆ, ಅದನ್ನ."

"ನಿನ್ನೆ ಆ ದೊಡ್ಡದೇ ಹಿಂದೆ ಬಿದ್ದಿದ್ರೆ?"

ಕಡ್ಡಿ ಮೂಗು ಒರೆಸೋದು ಬಿಟ್ಲು. "ಎಲ್ಲವೂ ಹಿಂದೆ ಬೀಳ್ತವೆ."

"ಹಾಗಾದ್ರೆ ಬೆಳಿಗ್ಗೆ ನೀನು ನೋಡಿದ್ದು ಎಷ್ಟು ಗಡಿಯಾರ?"

"ಒಂದೇ" ಅಂದ್ಲು ಹುಡುಗಿ. ಆಮೇಲೆ ಸಟಕ್ಕನೆ ತಲೆ ಎತ್ತಿದ್ಲು. "ಮೇಡಂ! ಆ ಐದು ಪುಟ!"

"ನಾನೇನೂ ಹೇಳಿಲ್ಲಪ್ಪ" ಅಂತ ಮೇಡಂ ನಕ್ಕರು. "ಬಾ, ನೋಡೋಣ."

ಲೈಬ್ರರಿ ಕಂಪ್ಯೂಟರಿನಲ್ಲಿ ಐದನ್ನೂ ಪಕ್ಕಪಕ್ಕ ಇಟ್ಟು ಓದಿದ್ರು. ಮೇಡಂ ಒಂದು ಸಾಲಿನ ಮೇಲೆ ಬೆರಳಿಟ್ರು. 'ಮೂರು ಮುಖದ ಗಡಿಯಾರ.'

"ಗೋಪುರಕ್ಕೆ ಎಷ್ಟು ಮುಖ?"

"ನಾಲ್ಕು! ಕಣ್ಣಿದ್ದೋರಿಗೆ ಯಾರಿಗಾದ್ರೂ ಗೊತ್ತು."

"ಐದೂ ಮೂರು ಅಂತಾವಲ್ಲ?"

ನೋಡಿ, ಸರಿ ಉತ್ತರ ಎಲ್ಲರಿಗೂ ಒಂದೇ ಇರಬಹುದು. ತಪ್ಪು ಉತ್ತರವೂ ಐದು ಜನರದ್ದು ಒಂದೇ ಆಗಿದ್ರೆ ಒಬ್ಬರದ್ದನ್ನ ಒಬ್ಬರು ನೋಡಿ ಬರೆದಿದ್ದಾರೆ ಅಂತಲೇ ತಾನೆ ಅರ್ಥ? ಪರೀಕ್ಷೆಯಲ್ಲಿ ಕಾಪಿ ಹೊಡೆದ ಎಲ್ಲರಿಗೂ ಇದು ಗೊತ್ತು. ಮೊದಲು ಬರೆದವನು ಗೋಪುರದ ಕೆಳಗೆ ಬಂದು ಕತ್ತೆತ್ತಿಯೂ ನೋಡಿಲ್ಲ. ಉಳಿದ ನಾಲ್ವರು ಅವನನ್ನ ನೋಡಿದ್ರು, ಗೋಪುರ ನೋಡಲಿಲ್ಲ. ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದ್ರಂತೆ!

ಮೇಡಂ ಪುಟದ ಕೆಳಗಡೆ ತೋರಿಸಿದ್ರು. ಬರೆದವರ ಹೆಸರಿಲ್ಲ. ಒಂದರಲ್ಲಿ ಮಾತ್ರ ತಾರೀಕಿದೆ, ಗಡಿಯಾರ ನಿಂತು ಹನ್ನೆರಡು ವರ್ಷ ಆದ ಮೇಲಿಂದು. ಎಲ್ಲಿಂದ ಗೊತ್ತಾಯ್ತು ಅನ್ನೋ ಕಡೆ 'ಜನ ಹೇಳುತ್ತಾರೆ' ಅಂತಿದೆ.

"ಬರೆದವರು ಯಾರು, ಯಾವಾಗ ಬರೆದ್ರು, ಅವರಿಗೆ ಹೇಗೆ ಗೊತ್ತು, ಹಾಗೆ ಬರೆದ್ರೆ ಅವರಿಗೇನು ಲಾಭ. ಈ ನಾಲ್ಕು ಪ್ರಶ್ನೆ ಕೇಳದೆ ಯಾವ ಮಾತನ್ನೂ ಮನೆಯೊಳಗೆ ಬಿಟ್ಕೋಬೇಡ ಮರಿ" ಅಂದ್ರು ಮೇಡಂ. "ಈಗ ಒಬ್ಬರನ್ನೊಬ್ಬರು ನೋಡಿ ಬರೆಯದೆ ಇರೋ ಮೂರು ಕಡೆ ಹುಡುಕೋಣ. ಗಡಿಯಾರ ನಿಂತ ವಾರ ಯಾರು ಏನು ಬರೆದ್ರು?"

ಅಟ್ಟದಿಂದ ಹಳೇ ಪೇಪರಿನ ದಪ್ಪ ಕಟ್ಟು ಇಳಿಸಿದ್ರು. ಅದರ ಧೂಳಿಗೆ ಇಡೀ ಲೈಬ್ರರಿ ಸೀನಿತು, ಮೇಡಂ ಮಾತ್ರ ಹೊರಗೆ ಹೋಗಿ ಸೀನಿ ಬಂದ್ರು. ಸಿಕ್ಕಿತು! ಬುಧವಾರದ ಪೇಪರ್, ಆರನೇ ಪುಟ, ಅಂಗೈ ಅಗಲದ ಸುದ್ದಿ: 'ಗೋಪುರದ ಗಡಿಯಾರ ನಿನ್ನೆ ನಿಂತಿದೆ. ಚಕ್ರ ಬದಲಿಸುವಂತೆ ಪುರಸಭೆಗೆ ಮೊದಲೇ ತಿಳಿಸಲಾಗಿತ್ತು.' ಕಳ್ಳತನದ ಮಾತೇ ಇಲ್ಲ.

"ಹಾಗಾದ್ರೆ ತಾತ ಕದ್ದಿಲ್ಲ!" ಅಂತ ಕಡ್ಡಿ ಕುಣಿದ್ಲು.

"ಅದನ್ನ ಪೇಪರ್ ಹೇಳಿಲ್ಲ. ಕದ್ದಿದ್ದಾರೆ ಅಂತಲೂ ಹೇಳಿಲ್ಲ, ಕದ್ದಿಲ್ಲ ಅಂತಲೂ ಹೇಳಿಲ್ಲ. ನಿನಗೆ ಬೇಕಾದ್ದನ್ನ ಅದರ ಬಾಯಿಗೆ ತುರುಕಬೇಡ" ಅಂದ್ರು ಮೇಡಂ. ಹುಡುಗಿಯ ಕುಣಿತ ಅರ್ಧಕ್ಕೇ ನಿಂತಿತು. ನನಗೆ ಮೇಡಂ ಮೇಲೆ ಸ್ವಲ್ಪ ಸಿಟ್ಟೇ ಬಂತು. ಆದ್ರೆ ಅವರು ಹೇಳಿದ್ದು ಸರಿ.

ಬುಧವಾರ ಕಡ್ಡಿ ಹೋಗಿದ್ದು ಗೋಪುರ ಗುಡಿಸ್ತಿದ್ದ ಅಜ್ಜಿಯ ಹತ್ರ. ಆ ಅಜ್ಜಿ ಬಾಯಿ ತೆಗೆದ್ರೆ ಇಲಿ ಹೋಗಿ ಹುಲಿ ಆಗುತ್ತೆ.

"ಅಯ್ಯೋ ಮಗಾ, ಚಕ್ರ ಮುರೀತು ನೋಡು, ಫಿರಂಗಿ ಹೊಡೆದ ಹಾಗೆ! ಪಾರಿವಾಳ ಎಲ್ಲ ಸತ್ತು ಬಿದ್ದವು!"

"ನೀವು ಕಣ್ಣಾರೆ ನೋಡಿದ್ರಾ ಅಜ್ಜಿ?"

ಅಜ್ಜಿ ಎರಡು ನಿಮಿಷ ಎಲೆಕ್ಟ್ರಿಕ್ ಕಂಬ ನೋಡಿದ್ಲು. "ಪಾರಿವಾಳ ಹಾರಿ ಹೋದವು ಅನ್ನು. ಆಮೇಲೆ ಹಾಕಿದ್ದ ಚಕ್ರ ಮುರಿದಾಗ ನಾನು ಕೆಳಗಿದ್ದೆ, ನೋಡಲಿಲ್ಲ. ಹಳೇ ಹಿತ್ತಾಳೆ ಚಕ್ರ ಇಳಿಸಿದ್ದು ಅದಕ್ಕೂ ಎಷ್ಟೋ ತಿಂಗಳು ಮುಂಚೆ. ಅದನ್ನ ಮಾತ್ರ ಕಣ್ಣಾರೆ ನೋಡಿದ್ದೀನಿ. ನಿಮ್ಮ ತಾತ ಗೋಣಿಚೀಲದಲ್ಲಿ ಸುತ್ತಿ, ಹೊಟ್ಟೆಗೆ ಅವುಚ್ಕೊಂಡು ನೂರ ಹನ್ನೆರಡು ಮೆಟ್ಟಿಲು ಇಳಿದ. ಟಾರ್ಚ್ ಹಿಡ್ಕೊಂಡು ಮುಂದೆ ಹೋಗಿದ್ದು ನಾನೇ. ಪುರಸಭೆ ಆಫೀಸಿನ ಒಳಗೆ ಹೋದ, ಬರಿಗೈಲಿ ಹೊರಗೆ ಬಂದ."

"ಇಷ್ಟು ವರ್ಷ ಯಾಕೆ ಯಾರಿಗೂ ಹೇಳಲಿಲ್ಲ ಅಜ್ಜಿ?"

"ಹೇಳಿದೆ ಕಣೇ. ಪಾರಿವಾಳದ ಜೊತೆ ಸೇರಿಸಿ ಹೇಳಿದೆ. ಯಾರೂ ನಂಬಲಿಲ್ಲ."

ಕೇಳಿದ್ರಾ? ಸುಳ್ಳಿನ ಒಗ್ಗರಣೆ ಜಾಸ್ತಿ ಆದ್ರೆ ನಿಜವೂ ಸೀದು ಹೋಗುತ್ತೆ. ಇದು ನನಗೂ ಅನ್ವಯಿಸುತ್ತೆ ಅಂತ ನೀವು ಗೊಣಗಿದ್ದು ಕೇಳಿಸ್ತು.

ಗುರುವಾರ ಪುರಸಭೆಗೆ ಹೋಗಬೇಕು. ಅಮ್ಮನೂ ಜೊತೆಗೆ ಬರಬೇಕು. ಅಮ್ಮ ಒಪ್ಪಲಿಲ್ಲ.

"ಅಗೆದಷ್ಟೂ ಕೊಳೆ ಬರುತ್ತೆ ಕಣೇ. ಅಲ್ಲಿ ಹೋಗಿ ನೋಡಿದಾಗ ಕದ್ದಿದ್ದು ನಿಜ ಅಂತಲೇ ಬರೆದಿದ್ರೆ?"

ಕಡ್ಡಿಗೂ ಅದೇ ಭಯ ಇತ್ತು. ಆದ್ರೂ ಹೇಳಿದ್ಲು, "ಬರೆದಿದ್ರೆ ಗೊತ್ತಾಗಲಿ ಅಮ್ಮ. ಈಗ ನಮಗೆ ಗೊತ್ತೇ ಇಲ್ಲವಲ್ಲ. ಗೊತ್ತಿಲ್ಲದೆ ಇಪ್ಪತ್ತೆರಡು ವರ್ಷ ನಾಚ್ಕೊಂಡಿದ್ದೀಯ."

ಅಮ್ಮ ಚಪ್ಪಲಿ ಹಾಕ್ಕೊಂಡ್ಲು.

ದಾಖಲೆ ರೂಮಿನ ಗುಮಾಸ್ತರು ಲೈಬ್ರರಿ ಮೇಡಂ ಕೊಟ್ಟ ಚೀಟಿ ಓದಿ, ಆಕಳಿಸಿ, ಬಾಗಿಲು ಗಾಳಿಗೆ ಮುಚ್ಕೊಳ್ಳದ ಹಾಗೆ ಕಾಲಲ್ಲಿ ಒಂದು ಭಾರದ ವಸ್ತು ಒತ್ತಿಟ್ಟು, ಹಳೇ ರಿಪೇರಿ ರಿಜಿಸ್ಟರ್ ತೆಗೆದು ಹಾಕಿದ್ರು. ಕಡ್ಡಿ ಬೆರಳಿಟ್ಟು ಓದಿದ್ಲು. ತಾತನ ಮುದ್ದು ಅಕ್ಷರ ಅವಳಿಗೆ ಗೊತ್ತೇ ಇತ್ತು.

'ಹಿತ್ತಾಳೆ ಚಕ್ರದ ಹಲ್ಲು ಸವೆದಿದೆ. ಎಪ್ಪತ್ತೆರಡು ಹಲ್ಲಿನಲ್ಲಿ ನಾಲ್ಕು ಮುರಿದಿವೆ. ಅಳತೆ ಹಿಡಿದು ಹೊಸದು ಎರಕ ಹೊಯ್ಸಲು ಹಳೇ ಚಕ್ರವನ್ನು ಆಫೀಸಿಗೆ ಒಪ್ಪಿಸಿದ್ದೇನೆ. ಅಲ್ಲಿಯ ತನಕ ನಾನೇ ಕಬ್ಬಿಣದಲ್ಲಿ ಒಂದು ಮಾಡಿ ಹಾಕಿದ್ದೇನೆ. ಒಂದು ತಿಂಗಳು ಬಾಳಿಕೆ ಬರಬಹುದು.' ಕೆಳಗೆ ತಾತನ ಸಹಿ. ಪಕ್ಕದಲ್ಲಿ ಚಕ್ರ ತಗೊಂಡವರ ಸಹಿ, ಸೀಲು.

ಒಂದು ತಿಂಗಳಿನ ಚಕ್ರ ಎಷ್ಟು ದಿನ ಓಡಿತ್ತು ಗೊತ್ತಾ? ಹನ್ನೊಂದು ತಿಂಗಳು! ಪ್ರತಿ ತಿಂಗಳೂ ತಾತ ಬರೆದಿದ್ದ, 'ಹೊಸ ಚಕ್ರ ಬಂದಿಲ್ಲ. ಇದು ಮುರಿಯುತ್ತೆ.' ಹನ್ನೊಂದು ಸಲ. ಕೊನೆಗೆ ಒಂದೇ ಪದ, 'ಮುರಿಯಿತು.'

ಅಮ್ಮ ಆ ಪದದ ಮೇಲೆ ಕೈ ಇಟ್ಟು ನಿಂತುಬಿಟ್ಲು.

"ಆ ಹಿತ್ತಾಳೆ ಚಕ್ರ ಎಲ್ಲಿದೆ ಸರ್?" ಅಂತ ಕಡ್ಡಿ ಕೇಳಿದ್ಲು.

"ಅದು ಕಳುವಾಯ್ತಲ್ಲಮ್ಮ. ಊರಿಗೆಲ್ಲ ಗೊತ್ತು."

"ಯಾರಾದ್ರೂ ಹುಡುಕಿದ್ರಾ?"

"ಕಳುವಾಗಿರೋದನ್ನ ಯಾರು ಹುಡುಕ್ತಾರೆ?" ಅಂತ ಅವರು ನಗೋ ಹೊತ್ತಿಗೆ ಗಾಳಿ ಬೀಸಿತು. ಬಾಗಿಲು ಕಿರ್ ಅಂತು. ಗುಮಾಸ್ತರು ಅಭ್ಯಾಸಬಲದಲ್ಲಿ ಕಾಲು ಚಾಚಿ ಆ ಭಾರದ ವಸ್ತುವನ್ನ ಮತ್ತೆ ಒತ್ತಿದ್ರು. ಕಡ್ಡಿ ಬಗ್ಗಿ ನೋಡಿದ್ಲು. ಕರ್ರಗೆ, ದುಂಡಗೆ, ಊಟದ ತಟ್ಟೆಯಷ್ಟು ಅಗಲ. ಸುತ್ತಲೂ ಹಲ್ಲು.

ಇಪ್ಪತ್ತೆರಡು ವರ್ಷ! ಬಾಗಿಲಿಗೆ ಒತ್ತು! ಗುಮಾಸ್ತರು ಕುರ್ಚಿಯಿಂದ ಎದ್ದ ರಭಸಕ್ಕೆ ಕುರ್ಚಿ ಮಾರ್ಕೆಟ್ ತನಕ ಉರುಳಿತು. ಇದು ಸುಳ್ಳು, ಮುಂದಿಂದು ನಿಜ. ಅಮ್ಮ ಕರ್ಚೀಫಲ್ಲಿ ಉಜ್ಜಿ ಉಜ್ಜಿ ಒರೆಸಿದ್ಲು, ಒಳಗಿಂದ ಹಳದಿ ಮಿಂಚಿತು. ಮೂವರೂ ನೆಲದ ಮೇಲೆ ಕೂತು ಹಲ್ಲು ಎಣಿಸಿದ್ರು. ಕಡ್ಡಿಗೆ ಎಪ್ಪತ್ತೆರಡು ಬಂತು. ಗುಮಾಸ್ತರಿಗೆ ಎಪ್ಪತ್ತೊಂದು. ಅಮ್ಮ ಇಸ್ತ್ರಿ ಬಟ್ಟೆ ಎಣಿಸೋ ಹಾಗೆ ಎಣಿಸಿದ್ಲು, ಎಪ್ಪತ್ತೆರಡು. ಗುಮಾಸ್ತರು ಇನ್ನೊಂದು ಸಲ ಎಣಿಸಿ, "ಹೌದು, ಎಪ್ಪತ್ತೆರಡೇ" ಅಂದ್ರು. ಮುರಿದ ಹಲ್ಲು ನಾಲ್ಕು.

ಕಳ್ಳತನ ಆಗಿದೆ ಅಂತ ನಂಬಿದ್ದಕ್ಕೆ ಯಾರೂ ಹುಡುಕಲಿಲ್ಲ. ಹುಡುಕದೆ ಇದ್ದದ್ದಕ್ಕೆ ಅಳತೆ ಸಿಗಲಿಲ್ಲ. ಅಳತೆ ಸಿಗದೆ ಊರಿನ ಗಡಿಯಾರ ನಾಲ್ಕು ಇಪ್ಪತ್ತಕ್ಕೆ ಕೂತುಬಿಡ್ತು.

ಸಂಜೆ ತಾತ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸ್ಕೊಂಡು ಒಂದು ವಾಚಿನ ಹೊಟ್ಟೆ ಬಗೀತಿದ್ದ. ಕಡ್ಡಿ ತಾನು ಬರೆದ ಪುಟ ತಂದು ಮುಂದಿಟ್ಲು. ಅಮ್ಮ ಬಾಗಿಲಲ್ಲಿ ನಿಂತಿದ್ಲು. ತಾತ ಓದಿದ. ಬಹಳ ಹೊತ್ತು ಓದಿದ.

"ನನ್ನಿಂದಲೇ ನಿಂತಿದ್ದು ಅಂತ ಯಾಕಪ್ಪ ಅಂದೆ ಅವತ್ತು?" ಅಂದ್ಲು ಅಮ್ಮ.

"ಮುರಿದಿದ್ದು ನಾನು ಮಾಡಿದ ಚಕ್ರ ತಾನೆ? ಅದು ಸುಳ್ಳಲ್ಲವಲ್ಲ."

"ಕದ್ದಿಲ್ಲ ಅಂತಲಾದ್ರೂ ಹೇಳಬೇಕಿತ್ತು!"

ತಾತ ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟ. "ಯಾರೂ ಕೇಳಲಿಲ್ಲ ಕಣೇ. ಎಲ್ಲರೂ ಹೇಳಿದ್ರು. ಕೇಳಲಿಲ್ಲ."

ಅಮ್ಮ ಬಂದು ಅವನ ಪಕ್ಕದ ಸ್ಟೂಲಿನ ಮೇಲೆ ಕೂತ್ಲು. "ನಾನೂ ಅರ್ಧವೇ ಕೇಳಿದೆ ಅಪ್ಪ" ಅಂದ್ಲು. ಹದಿನೇಳು ಗಡಿಯಾರ ಟಿಕ್ ಟಿಕ್ ಅಂತಿದ್ದವು. ತಾತ ಮೂಗು ಒರೆಸ್ಕೊಂಡು, ಮಾತು ಬದಲಾಯಿಸೋಕೆ ಅಂತ ಪುಟದ ಮೇಲೆ ಪೆನ್ಸಿಲ್ ಇಟ್ಟ.

"ಇಲ್ಲೊಂದು ತಪ್ಪಿದೆ. ನೂರ ಹನ್ನೆರಡು ಮೆಟ್ಟಿಲಲ್ಲ. ನೂರ ಹದಿನಾಲ್ಕು. ತಿದ್ದು."

ಕಡ್ಡಿ ತಿದ್ದಲಿಲ್ಲ. "ಅಜ್ಜಿ ನೂರ ಹನ್ನೆರಡು ಅಂದ್ರು, ನೀನು ನೂರ ಹದಿನಾಲ್ಕು ಅಂತೀಯ. ನಾಳೆ ಹತ್ತಿ ಎಣಿಸಿ ಬರ್ತೀನಿ ತಾತ."

"ನನ್ನ ಮಾತೂ ನಂಬಲ್ವೇನೇ?"

"ನೀನೂ ಒಂದೇ ಗಡಿಯಾರ ತಾನೆ?"

ತಾತ ನಕ್ಕ ನೋಡಿ, ಆ ನಗು ಮೂರು ಬೀದಿ ಆಚೆ ನಮ್ಮ ಮನೆಗೆ ಕೇಳಿಸ್ತು. ಮರುದಿನ ಅವನೂ ಮೊಮ್ಮಗಳ ಜೊತೆ ಹೊರಟ, ಗೋಪುರದ ಬೀದಿಯಲ್ಲೇ. ಎಣಿಸಿದ್ರು. ನೂರ ಹದಿಮೂರು! ಇಬ್ಬರ ಮಾತೂ ತಪ್ಪು. ಶನಿವಾರ ಪೇಂಟರ್ ಬೋರ್ಡಿನ ಮೇಲೆ ನೂರ ಹದಿಮೂರು ಅಂತಲೇ ಬರೆದ. ಚಕ್ರ ಎಲ್ಲಿ ಸಿಕ್ತು ಅನ್ನೋದನ್ನೂ ಬರೆದ. ಗುಮಾಸ್ತರು ಕೆಂಪಗಾದ್ರು.

ಮಕ್ಕಳೇ, ಮಕ್ಕಳನ್ನ ಹೆತ್ತವರೇ, ನಿಮ್ಮನ್ನ ಕೇಳ್ಕೊಳ್ಳೋದು ಇಷ್ಟೇ. ಸ್ಕೂಲಿನ ಪಾಠಕ್ಕೆ ಬರೆಯೋದಾಗಲಿ, ಫೋನಿಗೆ ಬಂದ ಸುದ್ದಿಯಾಗಲಿ, ಪಕ್ಕದ ಮನೆಯವರ ಮೇಲಿನ ಮಾತಾಗಲಿ, ಒಂದು ಕಡೆ ನೋಡಿ ಬಾಯಿ ಬಿಡಬೇಡಿ. ಮೂರು ಕಡೆ ನೋಡಿ. ಆ ಮೂರೂ ಒಂದೇ ಗಡಿಯಾರ ನೋಡಿ ಟೈಮ್ ಇಟ್ಕೊಂಡಿವೆಯಾ ಅಂತಲೂ ನೋಡಿ. ಲೈಬ್ರರಿಗೆ ಹೋಗಿ, ಅಲ್ಲಿ ಕೂತವರು ನೀವು ಬಂದು ಕೇಳಲಿ ಅಂತಲೇ ಕಾಯ್ತಿರ್ತಾರೆ. ಕಣ್ಣಾರೆ ಕಂಡವರನ್ನ ಕೇಳಿ. ಬರೆದವರು ಯಾರು, ಯಾವಾಗ ಬರೆದ್ರು, ಅವರಿಗೆ ಹೇಗೆ ಗೊತ್ತು, ಅದರಿಂದ ಅವರಿಗೇನು ಲಾಭ ಅಂತ ನಾಚಿಕೆ ಇಲ್ಲದೆ ವಿಚಾರಿಸಿ. ನಿಮಗೆ ಇಷ್ಟವಾದವರ ಮಾತನ್ನೂ ವಿಚಾರಿಸಿ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ದೊಡ್ಡವರು ಸುಮ್ಮನೆ ಹೇಳಿಲ್ಲ.

ಆಮೇಲೆ ಏನಾಯ್ತು ಅಂತೀರಾ? ಹಳೇ ಚಕ್ರದ ಅಳತೆ ಹಿಡಿದು ಹೊಸದು ಎರಕ ಹೊಯ್ಸೋಕೆ ಪುರಸಭೆಯವರು ಕಳಿಸಿದ್ರು. ನಾಲ್ಕು ತಿಂಗಳಿಗೆ ಅದು ಬಂತು, ತಾತನೇ ಗೋಪುರ ಹತ್ತಿ ಕೂರಿಸಿದ. ಅದಾದ ಮೊದಲ ಸೋಮವಾರ ಸಂಜೆ ತಾತ ಎಂದಿನ ಹಾಗೆ ಹದಿನೇಳು ಗಡಿಯಾರಕ್ಕೆ ಟೈಮ್ ಇಡೋಕೆ ಸ್ಟೂಲ್ ಹತ್ತಿದ. ನಡುಗೋಡೆಯ ದೊಡ್ಡ ಗಡಿಯಾರ ನೋಡಿದ. ಕೈ ಮುಂದೆ ಹೋಗಲಿಲ್ಲ.

"ಕಡ್ಡಿ, ಇದೊಂದನ್ನೇ ನಂಬೋದು ಬೇಡ. ಕಿಟಕಿ ತೆಗಿ" ಅಂದ.

ಹುಡುಗಿ ಕಿಟಕಿ ತೆಗೆದ್ಲು. ಅಮ್ಮ ಅಡುಗೆಮನೆಯಿಂದ ಒದ್ದೆ ಕೈಯಲ್ಲೇ ಓಡಿ ಬಂದ್ಲು. ಮೂವರೂ ಕಿಟಕಿಗೆ ಕಿವಿ ಕೊಟ್ಟು ನಿಂತ್ರು. ಆಗ ಗೋಪುರದ ಕಡೆಯಿಂದ...

ಏನು ಕೇಳಿಸ್ತು? ಊಹೆ ಮಾಡಿ ನೋಡೋಣ.